ದೊರೆ ಬೇಕಾಗಿದ್ದಾನೆ, ಹೊರಗಿನವನಾದರೆ ಒಳ್ಳೆಯದು

ಪ್ರಶ್ನೆ: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗೆ ಪಟ್ಟಕ್ಕೆ ಬರುವ ಮಗ ಇಲ್ಲದಿದ್ದಾಗ ಅವರು ದತ್ತು ತೆಗೆದುಕೊಂಡರು. ಅದೇ ಕಾಲದಲ್ಲಿ ಗ್ರೀಸಿಗೆ ಡೆನ್ಮಾರ್ಕಿನ ಹುಡುಗನೊಬ್ಬ ದೊರೆಯಾದ, ಬೆಲ್ಜಿಯಂ ಮತ್ತು ರೊಮೇನಿಯಾಗಳಿಗೆ ಜರ್ಮನಿಯವರು ದೊರೆಗಳಾದರು ಎಂದು ಓದಿದೆ. ಯುರೋಪಿನಲ್ಲಿ ದತ್ತು ಪದ್ಧತಿ ಇರಲಿಲ್ಲವೇ? ತಮ್ಮವನೇ ಒಬ್ಬನನ್ನು ಆರಿಸಿಕೊಳ್ಳುವುದು ಬಿಟ್ಟು, ಭಾಷೆಯೂ ಬಾರದ ಹೊರಗಿನವನನ್ನು ಜನ ಹೇಗೆ ಒಪ್ಪಿಕೊಂಡರು?

ಉತ್ತರ: ದತ್ತಿನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ನಮ್ಮಲ್ಲಿ ವಿಧಿವತ್ತಾಗಿ ದತ್ತು ಬಂದವನು ಶಾಸ್ತ್ರದ ದೃಷ್ಟಿಯಲ್ಲಿ ಔರಸಪುತ್ರನ ಸ್ಥಾನದಲ್ಲಿ ನಿಲ್ಲುತ್ತಾನೆ. ಪಿಂಡ ಹಾಕುವವನೇ ಆಸ್ತಿಗೂ ಹಕ್ಕುದಾರ. ಕ್ರೈಸ್ತ ಯುರೋಪಿನ ಅರಸುಮನೆಗಳಲ್ಲಿ ಈ ತರ್ಕಕ್ಕೆ ಜಾಗವಿರಲಿಲ್ಲ. ಚರ್ಚು ಒಪ್ಪಿದ ಮದುವೆಯಿಂದ ಹುಟ್ಟಿದವನೇ ವಾರಸುದಾರ. ಇಂಗ್ಲೆಂಡಿನಲ್ಲಂತೂ ಸಾಮಾನ್ಯ ಜನರಿಗೂ ದತ್ತಿನ ಕಾನೂನು ಬಂದದ್ದು 1926ರಲ್ಲಿ. ಅರಸ ಮಕ್ಕಳಿಲ್ಲದೆ ಹೋದರೆ ವಂಶಾವಳಿಯನ್ನು ಬಿಚ್ಚಿ, ಹಲವು ತಲೆಮಾರುಗಳ ಹಿಂದೆ ಕವಲೊಡೆದ ದಾಯಾದಿಗಳಲ್ಲಿ ಯಾರಿದ್ದಾರೆ ಎಂದು ಹುಡುಕುತ್ತಿದ್ದರು. ಡೆನ್ಮಾರ್ಕಿನ ಏಳನೆಯ ಫ್ರೆಡರಿಕ್‌ಗೆ ಮಕ್ಕಳಿಲ್ಲವೆಂದು ಖಚಿತವಾದಾಗ ಆದದ್ದು ಇದೇ. ದೊಡ್ಡ ರಾಷ್ಟ್ರಗಳ ಪ್ರತಿನಿಧಿಗಳು 1852ರಲ್ಲಿ ಲಂಡನ್ನಿನಲ್ಲಿ ಕುಳಿತು, ಗ್ಲುಕ್ಸ್‌ಬರ್ಗ್ ಎಂಬ ಕಿರುಕವಲಿನ ಕ್ರಿಶ್ಚಿಯನ್ ಎಂಬುವನಿಗೆ ಪಟ್ಟವೆಂದು ಬರೆದುಕೊಟ್ಟರು. ಈ ಕ್ರಿಶ್ಚಿಯನ್‌ನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ಆದರೆ ಒಂದು ಸ್ವಾರಸ್ಯದ ಅಪವಾದವಿದೆ. ಸ್ವೀಡನ್ನಿನ ಮುದಿ ದೊರೆ ಹದಿಮೂರನೆಯ ಚಾರ್ಲ್ಸ್‌ಗೆ ಮಕ್ಕಳಿರಲಿಲ್ಲ. ಉತ್ತರಾಧಿಕಾರಿಯಾಗಿ ಆರಿಸಿ ತಂದಿದ್ದ ರಾಜಕುಮಾರ 1810ರ ಮೇ ತಿಂಗಳಿನಲ್ಲಿ ಕುದುರೆಯಿಂದ ಬಿದ್ದು ಸತ್ತ. ವಿಷ ಹಾಕಿದ್ದಾರೆಂಬ ವದಂತಿ ಹಬ್ಬಿತು. ಶವಯಾತ್ರೆಯ ದಿನ ಸ್ಟಾಕ್‌ಹೋಮ್‌ನ ಬೀದಿಯಲ್ಲಿ ಜನರ ಗುಂಪು ಆಕ್ಸೆಲ್ ಫೊನ್ ಫೆರ್ಸೆನ್ ಎಂಬ ಶ್ರೀಮಂತನನ್ನು ಹೊಡೆದು ಕೊಂದಿತು. ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್‌ಳನ್ನು ಪ್ಯಾರಿಸ್ಸಿನಿಂದ ಪಾರುಮಾಡಲು ಹೆಣಗಿದ್ದ ಫೆರ್ಸೆನ್ ಇವನೇ. ಈ ಗೊಂದಲದ ನಡುವೆ ಮೋರ್ನರ್ ಎಂಬ ಕಿರಿಯ ಸೇನಾಧಿಕಾರಿ, ಯಾರೂ ಹೇಳದೆ ಕೇಳದೆ, ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ದಂಡನಾಯಕ ಬರ್ನಡಾಟ್‌ನನ್ನು ಕಂಡು ನಮ್ಮ ಸಿಂಹಾಸನ ಬೇಕೇ ಎಂದು ಕೇಳಿದ! ಬರ್ನಡಾಟ್ ದಕ್ಷಿಣ ಫ್ರಾನ್ಸಿನ ಪೋ ಊರಿನ ವಕೀಲನ ಮಗ. ಊರಿಗೆ ಮರಳಿದ ಮೋರ್ನರ್‌ನನ್ನು ಸರ್ಕಾರ ಹಿಡಿದು ಕೂರಿಸಿತು, ಆದರೆ ಅವನು ಹೊತ್ತು ತಂದ ಹೆಸರನ್ನು ಬಿಡಲಿಲ್ಲ. ಆಗಸ್ಟ್ 21ರಂದು ಸ್ವೀಡನ್ನಿನ ಸಂಸತ್ತು ಬರ್ನಡಾಟ್‌ನನ್ನು ಯುವರಾಜನಾಗಿ ಆರಿಸಿತು. ಮುದಿ ದೊರೆ ಅವನನ್ನು ದತ್ತು ತೆಗೆದುಕೊಂಡ. ಕ್ಯಾಥೊಲಿಕ್ ಆಗಿದ್ದವನು ಸ್ವೀಡನ್ನಿನ ಪ್ರಾಟೆಸ್ಟೆಂಟ್ ಪಂಥ ಸೇರಿ ಲೂಥರನ್ ಆದ, 1818ರಲ್ಲಿ ಪಟ್ಟವೇರಿದ. ಇಷ್ಟೆಲ್ಲ ಆಗಿ ಸ್ವೀಡಿಷ್ ಭಾಷೆಯನ್ನು ಅವನು ಕೊನೆಯವರೆಗೂ ಕಲಿಯಲಿಲ್ಲ. ಇಂದಿಗೂ ಸ್ವೀಡನ್ನಿನ ಅರಮನೆಯಲ್ಲಿರುವುದು ಅವನ ವಂಶವೇ.

ಇನ್ನು ತಮ್ಮವನೇ ಒಬ್ಬನನ್ನು ಏಕೆ ಆರಿಸಲಿಲ್ಲ ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ನೀವು ಕೊರತೆ ಎಂದು ಕಾಣುತ್ತಿರುವ ಹೊರಗಿನತನವೇ ಆ ಹುದ್ದೆಗೆ ಮುಖ್ಯ ಅರ್ಹತೆಯಾಗಿತ್ತು. ಊರಿನ ಎರಡು ಬಣಗಳ ವ್ಯಾಜ್ಯಕ್ಕೆ ಪಕ್ಕದೂರಿನ ಹಿರಿಯನನ್ನು ಪಂಚಾಯಿತಿಗೆ ಕರೆಸುತ್ತಾರಲ್ಲ, ಹಾಗೆ. ಒಳಗಿನವನನ್ನು ಕೂರಿಸಿದರೆ ಅವನ ಎದುರಾಳಿ ಮನೆತನ ಮರುದಿನವೇ ಕತ್ತಿ ಮಸೆಯುತ್ತದೆ.

ಗ್ರೀಸನ್ನೇ ನೋಡಿ. ಆಟೊಮನ್ ತುರ್ಕರಿಂದ ಬಿಡಿಸಿಕೊಂಡ ಆ ನಾಡಿನ ಮೊದಲ ಆಡಳಿತಗಾರ ಕಪೋದಿಸ್ತ್ರಿಯಾಸ್ ಅಪ್ಪಟ ಗ್ರೀಕ್. ರಷ್ಯಾದ ವಿದೇಶಾಂಗ ಖಾತೆ ನೋಡಿಕೊಂಡಿದ್ದ ಅನುಭವಿ. ಮಾವ್ರೊಮಿಖಾಲಿಸ್ ಎಂಬ ಬಲಿಷ್ಠ ಮನೆತನದ ಹಿರಿಯನನ್ನು ಸೆರೆಯಲ್ಲಿಟ್ಟ ತಪ್ಪಿಗೆ, 1831ರಲ್ಲಿ ನಾಫ್ಪ್ಲಿಯೊ ಪಟ್ಟಣದ ಚರ್ಚಿನ ಬಾಗಿಲಲ್ಲಿ ಅದೇ ಮನೆಯವರು ಅವನನ್ನು ಕೊಂದರು. ಸರ್ಬಿಯಾ ಇನ್ನೂ ಕಠೋರ ಉದಾಹರಣೆ. ಅಲ್ಲಿ ದೊರೆಗಳು ಮಣ್ಣಿನ ಮಕ್ಕಳೇ, ಆದರೆ ಮನೆತನಗಳು ಎರಡು: ಕರಜೋರ್ಜೆವಿಚ್ ಮತ್ತು ಒಬ್ರೆನೋವಿಚ್. 1817ರಲ್ಲಿ ಒಬ್ರೆನೋವಿಚ್ ಮನೆಯವನು ಕರಜೋರ್ಜೆಯನ್ನು ಕೊಲ್ಲಿಸಿ ತಲೆಯನ್ನು ಸುಲ್ತಾನನಿಗೆ ಕಳಿಸಿದ. 1868ರಲ್ಲಿ ಮಿಖಾಯಿಲೊ ಒಬ್ರೆನೋವಿಚ್ ಉದ್ಯಾನದಲ್ಲಿ ಗುಂಡಿಗೆ ಬಲಿಯಾದ. 1903ರಲ್ಲಿ ಅಲೆಕ್ಸಾಂಡರ್ ಒಬ್ರೆನೋವಿಚ್‌ನನ್ನೂ ಅವನ ಹೆಂಡತಿ ದ್ರಾಗಾಳನ್ನೂ ಸೈನ್ಯಾಧಿಕಾರಿಗಳು ಅರಮನೆಯೊಳಗೆ ಕೊಂದರು, ಎದುರಾಳಿ ಮನೆತನ ಪಟ್ಟಕ್ಕೆ ಬಂತು. ನೆರೆಯ ರೊಮೇನಿಯಾದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಯುರೋಪಿನ ಯಾವುದಾದರೂ ಆಳುವ ವಂಶದಿಂದ ನಮಗೊಬ್ಬ ಪರದೇಶಿ ರಾಜಕುಮಾರ ಬೇಕು ಎಂದು ಅವರ ಸಭೆಗಳು 1857ರಲ್ಲಿಯೇ ಬಾಯಿಬಿಟ್ಟು ಕೇಳಿದ್ದವು. ಅಲ್ಲಿನ ಜಮೀನ್ದಾರ ಬೋಯರ್‌ಗಳಿಗೆ ಪರಸ್ಪರ ಎಷ್ಟು ನಂಬಿಕೆ ಇತ್ತೆಂಬುದು ಇದರಿಂದಲೇ ತಿಳಿಯುತ್ತದೆ.

ಈ ಎಚ್ಚರ ಎಷ್ಟರಮಟ್ಟಿಗೆ ಇತ್ತೆಂದರೆ, ರೊಮೇನಿಯಾದ ಯುವರಾಜ ಫರ್ಡಿನಾಂಡ್ ಆಸ್ಥಾನದಲ್ಲಿದ್ದ ಎಲೆನಾ ವಕರೆಸ್ಕು ಎಂಬ ರೊಮೇನಿಯನ್ ಕವಯಿತ್ರಿಯನ್ನು ಮೆಚ್ಚಿದಾಗ ಮದುವೆಗೆ ಅನುಮತಿ ಸಿಗಲಿಲ್ಲ. ದೇಶದ ಮಗಳು ರಾಣಿಯಾದರೆ ಅವಳ ತವರಿನ ಬಣ ಮೇಲೇಳುತ್ತದೆ ಎಂಬ ಅಂಜಿಕೆ. ಎಲೆನಾ ದೇಶ ಬಿಡಬೇಕಾಯಿತು. ಆ ಪ್ರೇಮಕ್ಕೆ ಬೆಂಬಲವಾಗಿ ನಿಂತಿದ್ದ ರೊಮೇನಿಯಾದ ರಾಣಿ ಎಲಿಸಬೆತ್‌ಳನ್ನೂ ಕೆಲವು ಕಾಲ ಹೊರಗೆ ಕಳಿಸಿದರು. ಫರ್ಡಿನಾಂಡ್‌ಗೆ 1893ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗಳು ಮಾರಿಯೊಂದಿಗೆ ಲಗ್ನವಾಯಿತು.

ಸರಿ, ಹೊರಗಿನವನೇ ಬೇಕು. ಆದರೆ ಯಾವ ಹೊರಗಿನವನು? ರಷ್ಯಾದ ರಾಜಕುಮಾರನನ್ನು ತಂದರೆ ಬ್ರಿಟನ್ ಒಪ್ಪುವುದಿಲ್ಲ. ಫ್ರಾನ್ಸಿನವನನ್ನು ತಂದರೆ ಆಸ್ಟ್ರಿಯಾ, ಪ್ರಷ್ಯಾಗಳು ಹುಬ್ಬು ಗಂಟಿಕ್ಕುತ್ತವೆ. 1878ರ ಬರ್ಲಿನ್ ಒಪ್ಪಂದದಲ್ಲಿ ಬಲ್ಗೇರಿಯಾದ ಬಗ್ಗೆ ಇದನ್ನು ಷರತ್ತಾಗಿಯೇ ಬರೆದರು: ದೊರೆಯನ್ನು ಜನ ಆರಿಸಲಿ, ಆದರೆ ಅವನು ದೊಡ್ಡ ರಾಷ್ಟ್ರಗಳ ಆಳುವ ಮನೆತನದವನು ಆಗಿರಕೂಡದು. ಹಾಗಾದರೆ ರಾಜರಕ್ತ ಇರಬೇಕು, ಬೆನ್ನ ಹಿಂದೆ ದೊಡ್ಡ ಸೈನ್ಯ ಇರಬಾರದು. ಇಂಥವರು ಹೇರಳವಾಗಿ ಸಿಗುತ್ತಿದ್ದ ಜಾಗ ಒಂದೇ, ಜರ್ಮನಿ.

1815ರ ಜರ್ಮನ್ ಒಕ್ಕೂಟದಲ್ಲಿ ಮೂವತ್ತೊಂಬತ್ತು ರಾಜ್ಯಗಳಿದ್ದವು. ಕೆಲವು ನಮ್ಮ ಒಂದು ತಾಲ್ಲೂಕಿನಷ್ಟು. ನೆಪೋಲಿಯನ್ನನ ಕಾಲದಲ್ಲಿ ರಾಜ್ಯ ಕಳೆದುಕೊಂಡ ಸಣ್ಣ ಸಂಸ್ಥಾನಿಕರಿಗೆ ನೆಲ ಹೋದರೂ ಅಂತಸ್ತು ಹೋಗಲಿಲ್ಲ. ಆಳುವ ಮನೆಗಳೊಂದಿಗೆ ಸರಿಸಮಾನವಾಗಿ ಹೆಣ್ಣು ಕೊಟ್ಟು ತರುವ ಹಕ್ಕನ್ನು ಒಕ್ಕೂಟದ ಕಾಯಿದೆಯೇ ಕಾಪಾಡಿತು. ಗೋಥಾ ಪಟ್ಟಣದಲ್ಲಿ ವರ್ಷವರ್ಷವೂ ಅಚ್ಚಾಗುತ್ತಿದ್ದ 'ಅಲ್ಮನಾಕ್ ದ ಗೋಥಾ' ಎಂಬ ಪಂಚಾಂಗದಲ್ಲಿ ಯಾರು ಯಾವ ಸಾಲಿನಲ್ಲಿದ್ದಾರೆ ಎಂಬುದು ದಾಖಲಾಗುತ್ತಿತ್ತು. ನಮ್ಮಲ್ಲಿ ಜಾತಕ ನೋಡುವಂತೆ ಅಲ್ಲಿ ಈ ಪುಸ್ತಕ ನೋಡಿ ಸಂಬಂಧ ಕುದುರಿಸುತ್ತಿದ್ದರು. ಈ ನಿಯಮ ಸಡಿಲವೇನೂ ಆಗಿರಲಿಲ್ಲ: ಆಸ್ಟ್ರಿಯಾದ ಉತ್ತರಾಧಿಕಾರಿ ಫ್ರಾನ್ಸ್ ಫರ್ಡಿನಾಂಡ್ 1900ರಲ್ಲಿ ಕೈಹಿಡಿದ ಸೋಫಿ ಖೋಟೆಕ್ ಬೊಹೀಮಿಯಾದ ಹಳೆಯ ಶ್ರೀಮಂತ ಮನೆಯ ಹೆಣ್ಣು. ಆದರೂ ಆಳುವ ಮನೆಗಳ ಸಾಲಿನಲ್ಲಿ ಆ ಮನೆ ಇಲ್ಲವೆಂದು, ಹುಟ್ಟುವ ಮಕ್ಕಳಿಗೆ ಪಟ್ಟವಿಲ್ಲ ಎಂಬ ಪ್ರಮಾಣಕ್ಕೆ ಗಂಡನಿಂದ ಸಹಿ ಹಾಕಿಸಿದ ಮೇಲೆಯೇ ಮದುವೆ ನಡೆದದ್ದು.

ಈ ಸಣ್ಣ ಜರ್ಮನ್ ಮನೆಗಳಲ್ಲಿ ಎಲ್ಲರನ್ನೂ ಮೀರಿಸಿದವರು ಸಾಕ್ಸ್-ಕೋಬರ್ಗ್‌ನವರು. ಕೈಯಲ್ಲಿದ್ದದ್ದು ಸಾಲದ ಹೊರೆ ಹೊತ್ತ ಪುಟ್ಟ ಡಚ್ಚಿ (ಡ್ಯೂಕ್ ಆಳುವ ಸೀಮೆ), ಬಂಡವಾಳವೆಂದರೆ ಮಕ್ಕಳು. ಒಬ್ಬ ಮಗಳನ್ನು 1796ರಲ್ಲಿ ರಷ್ಯಾದ ರಾಜಮನೆತನಕ್ಕೆ ಕೊಟ್ಟರು. ಆ ಸಂಸಾರ ಮುರಿದುಬಿತ್ತು, ಆದರೆ ರಷ್ಯಾದ ಬೀಗತನ ಉಳಿಯಿತು. ಕಿರಿಯ ಮಗ ಲಿಯೋಪೋಲ್ಡ್ 1816ರಲ್ಲಿ ಬ್ರಿಟನ್ನಿನ ಸಿಂಹಾಸನಕ್ಕೆ ಮುಂದೆ ಬರಬೇಕಿದ್ದ ಷಾರ್ಲೆಟ್‌ಳನ್ನು ಮದುವೆಯಾದ. ಮರುವರ್ಷ ನವೆಂಬರಿನಲ್ಲಿ ಅವಳು ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ರಾಣಿಯ ಗಂಡನಾಗಬೇಕಿದ್ದವನು ಇಪ್ಪತ್ತಾರರ ವಿಧುರನಾಗಿ, ಬ್ರಿಟಿಷ್ ಸರ್ಕಾರದ ವರ್ಷಕ್ಕೆ 50,000 ಪೌಂಡ್ ಪಿಂಚಣಿಯೊಂದಿಗೆ ಉಳಿದುಕೊಂಡ. ಇತ್ತ ಷಾರ್ಲೆಟ್‌ಳ ಚಿಕ್ಕಪ್ಪಂದಿರಿಗೆ ವಾರಸುದಾರರನ್ನು ಹುಟ್ಟಿಸುವ ಅವಸರ ಹತ್ತಿತು. ಅವರಲ್ಲೊಬ್ಬನಾದ ಕೆಂಟಿನ ಡ್ಯೂಕ್ 1818ರಲ್ಲಿ ಲಿಯೋಪೋಲ್ಡ್‌ನ ವಿಧವೆ ಅಕ್ಕನನ್ನು ಮದುವೆಯಾದ. 1819ರಲ್ಲಿ ಹುಟ್ಟಿದ ಅವರ ಮಗಳೇ ವಿಕ್ಟೋರಿಯಾ. ಮುಂದೆ ಲಿಯೋಪೋಲ್ಡ್ ತನ್ನ ಅಣ್ಣನ ಮಗ ಆಲ್ಬರ್ಟ್‌ನನ್ನು ಈ ಸೋದರ ಸೊಸೆಗೆ ಜೋಡಿಸಿದ, 1840ರಲ್ಲಿ ಮದುವೆಯಾಯಿತು. ಸೋದರತ್ತೆಯ ಮಗಳನ್ನು ತರುವುದು ನಮ್ಮ ಕಡೆಯ ರೂಢಿ ಮಾತ್ರವೆಂದು ತಿಳಿದವರು ಕೋಬರ್ಗ್‌ನವರ ವಂಶಾವಳಿಯನ್ನು ಒಮ್ಮೆ ನೋಡಬೇಕು.

ಲಿಯೋಪೋಲ್ಡ್‌ಗೆ 1830ರಲ್ಲಿ ಗ್ರೀಸಿನ ಸಿಂಹಾಸನ ಬಂದಿತ್ತು. ಮೊದಲು ಹೂಂ ಎಂದವನು, ಕೊಟ್ಟ ಗಡಿ ಬಹಳ ಕಿರಿದಾಯಿತೆಂದು ಕೊನೆಗೆ ಬೇಡವೆಂದ. ಅದೇ ವರ್ಷ ಬೆಲ್ಜಿಯಂ ಹಾಲೆಂಡಿನಿಂದ ಬೇರೆಯಾಯಿತು. ಬೆಲ್ಜಿಯನ್ನರು ಮೊದಲು ಫ್ರಾನ್ಸಿನ ದೊರೆಯ ಮಗನನ್ನು ಆರಿಸಿದರು. ಬ್ರಿಟನ್ ಕಣ್ಣು ಕೆಂಪಗೆ ಮಾಡಿದ್ದರಿಂದ ಅಪ್ಪನೇ ಬೇಡವೆಂದ. ಆಗ ಲಿಯೋಪೋಲ್ಡ್‌ನ ಸರದಿ ಬಂತು. 1831ರ ಜೂನ್ 4ರಂದು ರಾಷ್ಟ್ರೀಯ ಸಭೆಯ 196 ಮತಗಳಲ್ಲಿ 152 ಅವನಿಗೆ ಬಿದ್ದವು, ಜುಲೈ 21ರಂದು ಬ್ರಸೆಲ್ಸಿನಲ್ಲಿ ಪ್ರಮಾಣವಚನ ಸ್ವೀಕರಿಸಿದ. ಬ್ರಿಟನ್ನಿನ ಮಾಜಿ ಅಳಿಯನಾದ್ದರಿಂದ ಲಂಡನ್ನಿಗೆ ಒಪ್ಪಿಗೆ. ಮರುವರ್ಷ ಫ್ರಾನ್ಸಿನ ದೊರೆಯ ಮಗಳನ್ನು ಮದುವೆಯಾಗಿ ಪ್ಯಾರಿಸ್ಸನ್ನೂ ಸಮಾಧಾನಪಡಿಸಿದ. ತಾನು ಲೂಥರನ್ ಆಗಿಯೇ ಉಳಿದು, ಮಕ್ಕಳನ್ನು ಪ್ರಜೆಗಳ ಕ್ಯಾಥೊಲಿಕ್ ಪಂಥದಲ್ಲಿ ಬೆಳೆಸಿದ. ಅವನ ಇನ್ನೊಬ್ಬ ಅಣ್ಣ ಹಂಗೇರಿಯ ಕೊಹಾರಿ ಎಂಬ ಸಿರಿವಂತ ಕ್ಯಾಥೊಲಿಕ್ ಮನೆಯ ಹೆಣ್ಣು ತಂದಿದ್ದ. ಆ ಕವಲಿನಿಂದ ಒಬ್ಬ 1836ರಲ್ಲಿ ಪೋರ್ಚುಗಲ್ಲಿನ ರಾಣಿಯ ಗಂಡನಾದ, ಇನ್ನೊಬ್ಬ 1887ರಲ್ಲಿ ಬಲ್ಗೇರಿಯಾದ ದೊರೆಯಾದ. ಇವರ ಮನೆಯನ್ನು ಯುರೋಪಿನ ತಳಿಕುದುರೆಗಳ ಲಾಯವೆಂದು ಹಂಗಿಸಿದ ಮಾತು ಬಿಸ್ಮಾರ್ಕ್‌ನ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ಮತ್ಸರದ ಮಾತಾದರೂ ಸುಳ್ಳಲ್ಲ.

ನಿಮ್ಮ ಡೆನ್ಮಾರ್ಕಿನ ಹುಡುಗನಿಗೆ ಬರೋಣ. ಲಿಯೋಪೋಲ್ಡ್ ಬೇಡವೆಂದ ಗ್ರೀಸಿಗೆ ದೊಡ್ಡ ರಾಷ್ಟ್ರಗಳು ಬವೇರಿಯಾದ ದೊರೆಯ ಎರಡನೆಯ ಮಗ ಓಟೊನನ್ನು ಕಳಿಸಿದವು. 1833ರಲ್ಲಿ ಬಂದಿಳಿದಾಗ ಅವನಿಗೆ ಹದಿನೇಳು ವರ್ಷ. ಜೊತೆಗೆ ಬವೇರಿಯಾದ ಸೈನಿಕರು, ಬವೇರಿಯಾದ ಮೂವರು ರಾಜಪ್ರತಿನಿಧಿಗಳು, ಆರು ಕೋಟಿ ಫ್ರಾಂಕ್ ಸಾಲ. ಓಟೊ ಗ್ರೀಕ್ ಕಲಿತ, ನೆರಿಗೆಯ ಬಿಳಿ ಲಂಗದಂಥ ಅಲ್ಲಿನ ಉಡುಪನ್ನೇ ಉಟ್ಟ, ನಾಡನ್ನು ನಿಜವಾಗಿ ಪ್ರೀತಿಸಿದ. ಆದರೆ ಸಂವಿಧಾನ ಕೊಡಲು ಒಪ್ಪಲಿಲ್ಲ, 1843ರಲ್ಲಿ ಸೈನ್ಯ ಅರಮನೆ ಸುತ್ತುವರಿದ ಮೇಲೆ ಒಪ್ಪಬೇಕಾಯಿತು. ಕ್ಯಾಥೊಲಿಕ್ ಪಂಥ ಬಿಡಲಿಲ್ಲ, ಮಕ್ಕಳೂ ಆಗಲಿಲ್ಲ. 1862ರ ಅಕ್ಟೋಬರಿನಲ್ಲಿ ಅವನು ಪ್ರವಾಸದಲ್ಲಿದ್ದಾಗ ರಾಜಧಾನಿ ದಂಗೆಯೆದ್ದಿತು. ಬ್ರಿಟಿಷ್ ಹಡಗು ಹತ್ತಿ ಹೊರಟುಹೋದ.

ಈಗ ಗ್ರೀಕರು ತಮಗೆ ಯಾರು ಬೇಕೆಂದು ಜನಮತವನ್ನೇ ತೆಗೆದರು. ಸುಮಾರು 2,41,000 ಮತಗಳಲ್ಲಿ 2,30,016 ಬಿದ್ದದ್ದು ವಿಕ್ಟೋರಿಯಾಳ ಎರಡನೆಯ ಮಗ ಆಲ್ಫ್ರೆಡ್‌ಗೆ. ಬ್ರಿಟನ್ನಿನ ರಾಜಕುಮಾರ ಬಂದರೆ ಬ್ರಿಟನ್ನಿನ ಹಣವೂ ನೌಕಾಪಡೆಯೂ ಬರುತ್ತವೆಂಬ ಆಸೆ. ಆದರೆ ಮೂರು ರಕ್ಷಕ ರಾಷ್ಟ್ರಗಳಾದ ಬ್ರಿಟನ್, ಫ್ರಾನ್ಸ್, ರಷ್ಯಾಗಳ ಮನೆತನದವರು ಆ ಪೀಠ ಹತ್ತುವಂತಿಲ್ಲ ಎಂಬ ಹಳೆಯ ಒಪ್ಪಂದವಿತ್ತು. ಕೊನೆಗೆ ದೊರೆಯಾದವನು ಡೆನ್ಮಾರ್ಕಿನ ವಿಲಿಯಂ, ಅದೇ ಜನಮತದಲ್ಲಿ ಆರೇ ಆರು ಮತ ಪಡೆದಿದ್ದವನು! ಮೇಲೆ ಹೇಳಿದ ಕ್ರಿಶ್ಚಿಯನ್‌ನ ಎರಡನೆಯ ಮಗ, ನೌಕಾಶಾಲೆಯ ಹದಿನೇಳರ ವಿದ್ಯಾರ್ಥಿ. ತಾನು ಗ್ರೀಸಿನ ದೊರೆಯಾಗಲಿರುವುದು ಬುತ್ತಿ ಸುತ್ತಿದ್ದ ಪತ್ರಿಕೆಯ ಹಾಳೆಯಿಂದ ಅವನಿಗೆ ತಿಳಿಯಿತೆಂಬ ಕಥೆ ಪ್ರಸಿದ್ಧ. 1863ರ ಮಾರ್ಚಿನಲ್ಲಿ ಅವನ ಅಕ್ಕ ಅಲೆಕ್ಸಾಂಡ್ರಾ ಬ್ರಿಟನ್ನಿನ ಯುವರಾಣಿಯಾದಳು, ಅದೇ ತಿಂಗಳ ಕೊನೆಗೆ ಅವನು ಗ್ರೀಸಿನ ಒಂದನೆಯ ಜಾರ್ಜ್ ಆಗಿ ಆಯ್ಕೆಯಾದ, ನವೆಂಬರಿನಲ್ಲಿ ಅಪ್ಪ ಡೆನ್ಮಾರ್ಕಿನ ಪಟ್ಟವೇರಿದ. ಅಪ್ಪನಿಗಿಂತ ಮೊದಲು ಮಗ ದೊರೆ. ಬ್ರಿಟನ್ ಉಡುಗೊರೆಯಾಗಿ ಅಯೋನಿಯನ್ ದ್ವೀಪಗಳನ್ನು ಬಿಟ್ಟುಕೊಟ್ಟಿತು. ಜಾರ್ಜ್ ಓಟೊನ ತಪ್ಪುಗಳನ್ನು ಮಾಡಲಿಲ್ಲ. ಗ್ರೀಕ್ ಕಲಿತ, ಪ್ರಜೆಗಳದೇ ಆದ ಆರ್ಥೊಡಾಕ್ಸ್ ಪಂಥದ ರಷ್ಯನ್ ಹೆಣ್ಣು ತಂದು ಮಕ್ಕಳನ್ನು ಅದೇ ಪಂಥದಲ್ಲಿ ಬೆಳೆಸಿದ, ಸಂವಿಧಾನದ ಗೆರೆ ದಾಟದಂತೆ ಎಚ್ಚರವಹಿಸಿದ. 1913ರಲ್ಲಿ ಹಂತಕನ ಗುಂಡಿಗೆ ಬಲಿಯಾಗುವವರೆಗೆ, ಹತ್ತಿರಹತ್ತಿರ ಐವತ್ತು ವರ್ಷ ಆಳಿದ.

ಎರಡು ಲಕ್ಷದ ಮೂವತ್ತು ಸಾವಿರ ಮತ ಸೋತು ಆರು ಮತ ಗೆದ್ದ ಈ ಪ್ರಸಂಗದ ಬೆಳಕಿನಲ್ಲಿ ನಿಮ್ಮ ಮೈಸೂರಿನ ಹೋಲಿಕೆಯನ್ನು ಇನ್ನೊಮ್ಮೆ ನೋಡೋಣ. ಮುಮ್ಮಡಿಯವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡದ್ದು 1865ರಲ್ಲಿ. ಅದು ಶಾಸ್ತ್ರಕ್ಕೆ ಸರಿಯೇ ಎಂಬುದು ಯಾರ ತಲೆನೋವೂ ಆಗಿರಲಿಲ್ಲ. ಲಂಡನ್ ಒಪ್ಪುತ್ತದೆಯೇ ಎಂಬುದೇ ಪ್ರಶ್ನೆ, ಒಪ್ಪಿದ್ದು 1867ರಲ್ಲಿ. 1824ರಲ್ಲಿ ಕಿತ್ತೂರಿನ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದಿದ್ದಾಗ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಪದ್ಧತಿ ದತ್ತೋ ಆಮದೋ, ಪಟ್ಟ ನಿಲ್ಲುವುದು ಬಲಶಾಲಿಗಳ ಮಾನ್ಯತೆಯ ಮೇಲೆ. ಬಲ್ಗೇರಿಯಾದ ಫರ್ಡಿನಾಂಡ್ ಇದನ್ನು ಕಷ್ಟಪಟ್ಟು ಕಲಿತ. 1887ರಲ್ಲಿ ಬಲ್ಗೇರಿಯನ್ನರು ಆರಿಸಿದರೂ ರಷ್ಯಾ ಮುಖ ತಿರುಗಿಸಿಕೊಂಡದ್ದರಿಂದ ಒಂಬತ್ತು ವರ್ಷ ಅವನು ಮಾನ್ಯತೆಯಿಲ್ಲದ ದೊರೆಯಾಗಿಯೇ ಇದ್ದ. ಕೊನೆಗೆ 1896ರಲ್ಲಿ ಎರಡು ವರ್ಷದ ಮಗ ಬೋರಿಸ್‌ನನ್ನು ಕ್ಯಾಥೊಲಿಕ್ ಪಂಥದಿಂದ ಆರ್ಥೊಡಾಕ್ಸ್ ಪಂಥಕ್ಕೆ ಸೇರಿಸಿದ. ಪೋಪ್ ಬಹಿಷ್ಕಾರ ಹಾಕಿದರು, ರಷ್ಯಾದ ತ್ಸಾರ್ ಮಾನ್ಯತೆ ಕೊಟ್ಟ.

ಈ ಮಾನ್ಯತೆಯ ಆಟವನ್ನು ಹಿಂದುಮುಂದು ಮಾಡಿ ಆಡಿದವರು ರೊಮೇನಿಯನ್ನರು. 1866ರಲ್ಲಿ ತಮ್ಮವನೇ ಆದ ಕೂಜಾನನ್ನು ಇಳಿಸಿ, ಲಿಯೋಪೋಲ್ಡ್‌ನ ಮಗನನ್ನು ಕರೆದರು. ಅವನು ಒಲ್ಲೆನೆಂದ. ಆಗ ಪ್ರಷ್ಯಾದ ರಾಜಮನೆತನದ ಕ್ಯಾಥೊಲಿಕ್ ಕವಲಿನ ಕಾರ್ಲ್ ಎಂಬ ಇಪ್ಪತ್ತೇಳರ ಸೇನಾಧಿಕಾರಿಯನ್ನು ಆರಿಸಿದರು. ಮೊದಲು ಬಂದು ಕೂತುಬಿಡು, ಒಪ್ಪಿಗೆಯನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಧೋರಣೆ. ತೊಡಕೆಂದರೆ ದಾರಿ ಆಸ್ಟ್ರಿಯಾದ ಮೂಲಕ ಹೋಗುತ್ತಿತ್ತು. ಪ್ರಷ್ಯಾ ಮತ್ತು ಆಸ್ಟ್ರಿಯಾ ಯುದ್ಧದ ಅಂಚಿನಲ್ಲಿದ್ದವು. ಹಾಗಾಗಿ ಕಾರ್ಲ್ ಬೇರೆ ಹೆಸರಿನ ಸ್ವಿಸ್ ಪಾಸ್‌ಪೋರ್ಟ್ ಹಿಡಿದು, ಕಣ್ಣಿಗೆ ಕನ್ನಡಕ ಏರಿಸಿ, ರೈಲಿನ ಎರಡನೆಯ ದರ್ಜೆಯಲ್ಲಿ ಕುಳಿತು ವಿಯೆನ್ನಾ ದಾಟಿದ. ಅಲ್ಲಿಂದ ಡ್ಯಾನ್ಯೂಬ್ ನದಿಯ ದೋಣಿ. ಕಳ್ಳನಂತೆ ಬಂದವನು ನಲವತ್ತೆಂಟು ವರ್ಷ ಆಳಿದ. 1881ರಲ್ಲಿ ರೊಮೇನಿಯಾ ರಾಜ್ಯವೆಂದು ಘೋಷಣೆಯಾದಾಗ ಅವನ ಕಿರೀಟಕ್ಕೆ ಚಿನ್ನವನ್ನು ಬಳಸದೆ, ಪ್ಲೆವ್ನಾ ಯುದ್ಧದಲ್ಲಿ ತುರ್ಕರಿಂದ ಕಿತ್ತುಕೊಂಡ ಫಿರಂಗಿಯ ಉಕ್ಕನ್ನು ಬಳಸಿದರು.

ಎಲ್ಲ ಆಮದೂ ಫಲಿಸಲಿಲ್ಲ. ಕಾರ್ಲ್‌ನ ಅಣ್ಣನನ್ನು 1870ರಲ್ಲಿ ಸ್ಪೇನಿನ ದೊರೆಯಾಗಿಸಲು ಹೊರಟ ಮಾತೇ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವಿನ ಯುದ್ಧಕ್ಕೆ ಕಿಡಿಯಾಯಿತು. ಸ್ಪೇನಿಗೆ ಬಂದವನು ಇಟಲಿಯ ಅಮಡಿಯೊ. ಅವನನ್ನು ಕರೆಸಿದ ಪ್ರಧಾನಿ ಪ್ರಿಮ್ ಗುಂಡೇಟಿನಿಂದ ಸತ್ತ ದಿನವೇ ಅವನು ಸ್ಪೇನಿನ ನೆಲದಲ್ಲಿ ಕಾಲಿಟ್ಟ. ತನ್ನ ಪರ ನಿಲ್ಲುವ ಬಲವಾದ ಒಬ್ಬನೂ ಇಲ್ಲದೆ ಎರಡು ವರ್ಷ ಚಿಲ್ಲರೆ ಕಾಲ ಏಗಿ, 1873ರ ಫೆಬ್ರುವರಿಯಲ್ಲಿ ಪಟ್ಟ ಬಿಟ್ಟು ಹೋದ. ಮೆಕ್ಸಿಕೊಗೆ ಫ್ರಾನ್ಸಿನ ಸೈನ್ಯದ ಬಲದಿಂದ ಹೋದ ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್‌ನನ್ನು 1867ರಲ್ಲಿ ಗುಂಡಿಟ್ಟು ಕೊಂದರು. ಅವನ ಹೆಂಡತಿ ನಮ್ಮ ಲಿಯೋಪೋಲ್ಡ್‌ನ ಮಗಳು.

ಇನ್ನು ಜನ ಹೇಗೆ ಒಪ್ಪಿದರು ಎಂಬುದು. ಎಲ್ಲಿ ಒಪ್ಪಿದರೋ ಅಲ್ಲಿ ಬಹುಮಟ್ಟಿಗೆ ದೊರೆ ಬರುವ ಮೊದಲೇ ಅವನ ಕೈ ಕಟ್ಟಿದ್ದರು. ಬೆಲ್ಜಿಯಂನ ಸಂವಿಧಾನ 1831ರ ಫೆಬ್ರುವರಿಯಲ್ಲಿ ಸಿದ್ಧವಾಗಿತ್ತು, ಲಿಯೋಪೋಲ್ಡ್ ಬಂದದ್ದು ಜುಲೈನಲ್ಲಿ. ಬರೆದಿಟ್ಟ ಷರತ್ತಿಗೆ ಸಹಿ ಹಾಕಿ ಒಳಗೆ ಬಾ ಎಂಬಂತೆ. ಓಟೊನ ವಿಷಯದಲ್ಲಿ ಇದು ತಲೆಕೆಳಗಾಯಿತು, ದೊರೆ ಮೊದಲು ಬಂದ, ಸಂವಿಧಾನ ಹತ್ತು ವರ್ಷ ತಡವಾಗಿ. ಭಾಷೆಯ ಬಗ್ಗೆ ಹೇಳುವುದಾದರೆ, ಆ ಕಾಲದ ಆಸ್ಥಾನಗಳು ಹೆಚ್ಚಾಗಿ ಫ್ರೆಂಚಿನಲ್ಲಿ ಮಾತನಾಡುತ್ತಿದ್ದವು. ಸ್ಥಳೀಯ ಶ್ರೀಮಂತರಿಗೂ ಅದು ಬರುತ್ತಿತ್ತು. ಹಳ್ಳಿಯ ರೈತನಿಗೆ ದೊರೆಯ ಮಾತು ಕೇಳುವ ಸಂದರ್ಭವೇ ಅಪರೂಪ. ಅವನು ನೋಡುತ್ತಿದ್ದದ್ದು ದೊರೆ ಯಾವ ಚರ್ಚಿನಲ್ಲಿ ಮೊಣಕಾಲೂರುತ್ತಾನೆ, ಮಕ್ಕಳಿಗೆ ಯಾವ ಪಂಥದ ದೀಕ್ಷೆ ಕೊಡಿಸುತ್ತಾನೆ ಎಂಬುದನ್ನು. ಓಟೊ ಭಾಷೆ ಕಲಿತೂ ಸೋತ, ಬರ್ನಡಾಟ್ ಕಲಿಯದೆಯೂ ಗೆದ್ದ.

ತವರಿನ ನಿಷ್ಠೆಯೇ ಮೇಲಾಗಲಿಲ್ಲವೇ ಎಂದು ನೀವು ಮುಂದೆ ಕೇಳಬಹುದು. ಅದರ ಪರೀಕ್ಷೆ 1914ರಲ್ಲಿ ನಡೆಯಿತು. ರೊಮೇನಿಯಾದ ಮುದಿ ಕಾರ್ಲ್ ಜರ್ಮನಿಯ ಪರ ಯುದ್ಧಕ್ಕಿಳಿಯಬೇಕೆಂದ, ಅವನ ಮಂತ್ರಾಲೋಚನಾ ಸಭೆ ಆಗದೆಂದಿತು, ಅವನು ತಲೆಬಾಗಿದ. ಅವನ ನಂತರ ಬಂದ ಅಣ್ಣನ ಮಗ ಫರ್ಡಿನಾಂಡ್ 1916ರಲ್ಲಿ ಜರ್ಮನಿಯ ವಿರುದ್ಧವೇ ಕತ್ತಿ ಎತ್ತಿದ. ಬೆಲ್ಜಿಯಂನಲ್ಲಿ ಲಿಯೋಪೋಲ್ಡ್‌ನ ಮೊಮ್ಮಗ ಆಲ್ಬರ್ಟ್ ಜರ್ಮನ್ ಸೈನ್ಯಕ್ಕೆ ದಾರಿ ಕೊಡದೆ ನಾಲ್ಕು ವರ್ಷ ಕಾದಾಡಿದ. ಗ್ರೀಸಿನಲ್ಲಿ ಮಾತ್ರ ಜಾರ್ಜ್‌ನ ಮಗ ಕಾನ್‌ಸ್ಟಂಟೈನ್, ಜರ್ಮನಿಯ ಚಕ್ರವರ್ತಿ ಕೈಸರನ ತಂಗಿಯ ಗಂಡ, ತಟಸ್ಥನಾಗಿರುತ್ತೇನೆಂದು ಹಟ ಹಿಡಿದು ದೇಶವನ್ನೇ ಎರಡು ಪಾಲಾಗಿಸಿದ.

ಈ ಮನೆತನಗಳಲ್ಲಿ ಸ್ವೀಡನ್, ಬೆಲ್ಜಿಯಂಗಳವು ಇಂದಿಗೂ ಪಟ್ಟದಲ್ಲಿವೆ. 1905ರಲ್ಲಿ ಜನಮತ ತೆಗೆದ ನಂತರವೇ ಬರುತ್ತೇನೆಂದು ಹೇಳಿ ನಾರ್ವೆಗೆ ಹೋದ ಡೆನ್ಮಾರ್ಕಿನ ಇನ್ನೊಬ್ಬ ರಾಜಕುಮಾರನ ವಂಶವೂ ಇದೆ. ಗ್ರೀಸ್, ರೊಮೇನಿಯಾ, ಬಲ್ಗೇರಿಯಾಗಳು ಗಣರಾಜ್ಯಗಳಾದವು. ಬಲ್ಗೇರಿಯಾದ ಫರ್ಡಿನಾಂಡ್‌ನ ಮೊಮ್ಮಗ ಸಿಮಿಯೋನ್ ಆರನೆಯ ವಯಸ್ಸಿನಲ್ಲಿ ದೊರೆಯಾಗಿ, 1946ರಲ್ಲಿ ದೇಶ ಬಿಟ್ಟು, 2001ರಲ್ಲಿ ಪಕ್ಷ ಕಟ್ಟಿ ಚುನಾವಣೆ ಗೆದ್ದು ನಾಲ್ಕು ವರ್ಷ ಅದೇ ದೇಶದ ಪ್ರಧಾನಿಯಾಗಿದ್ದರು.